ಯುವಕರು ಶಾಂತಿ ಕಟ್ಟುತ್ತಾರೆ ಅನ್ನೋದು ಬರೀ ಭಾಷಣದ ಮಾತಾ?

ನೀವು ಹಾಸನದಲ್ಲಿ ಡಿಗ್ರಿ ಓದುತ್ತಿದ್ದೇನೆ ಅಂತ ಬರೆದಿದ್ದೀರಿ. ದೇಶ ದೇಶಗಳ ಶಾಂತಿ ಕೆಲಸದಲ್ಲಿ ನಮ್ಮಂಥವರಿಗೆ ನಿಜವಾಗಿ ಜಾಗ ಇದೆಯಾ, ಇಲ್ಲ ಸುಮ್ನೆ ಯುವಜನ ದಿನದ ಭಾಷಣಕ್ಕೆ ಮಾತ್ರನಾ ಅಂತ ಕೇಳಿದ್ದೀರಿ.

ಇದೆ. ಕಾಗದದ ಮೇಲೂ ಇದೆ. 2015ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2250ನೇ ನಿರ್ಣಯ ಪಾಸು ಮಾಡಿತು. ಶಾಂತಿ ಮಾತುಕತೆಯಲ್ಲಿ 18ರಿಂದ 29 ವರ್ಷದವರ ಮಾತಿಗೂ ಜಾಗ ಕೊಡಿ ಅಂತ ಅದು ಹೇಳುತ್ತದೆ. ಆದರೆ ನಿರ್ಣಯ ಬಂದ ಮಾತ್ರಕ್ಕೆ ಯಾರೂ ಕರೆದು ಕೂರಿಸುವುದಿಲ್ಲ, ಅಲ್ವಾ? ನನಗೆ ಧೈರ್ಯ ಕೊಡುವುದು ಕೊಲಂಬಿಯಾದ ಹುಡುಗರು.

ಅಲ್ಲಿ ಸರ್ಕಾರಕ್ಕೂ ಫಾರ್ಕ್ ಬಂಡುಕೋರರಿಗೂ ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಯುದ್ಧ. 2016ರಲ್ಲಿ ಕಡೆಗೂ ರಾಜಿ ಆಯಿತು. ಅದನ್ನು ಜನರ ಮುಂದೆ ಮತಕ್ಕೆ ಇಟ್ಟರು. ಅಕ್ಟೋಬರ್ 2ರಂದು ಕೂದಲೆಳೆಯಷ್ಟರಲ್ಲಿ ಸೋತಿತು. ಮೂರೇ ದಿನಕ್ಕೆ ವಿದ್ಯಾರ್ಥಿಗಳು ರಾಜಧಾನಿ ಬೊಗೊಟಾದಲ್ಲಿ ಮೌನ ಮೆರವಣಿಗೆ ಹೊರಟರು. ಬೊಲಿವಾರ್ ಚೌಕದಲ್ಲಿ ಟೆಂಟ್ ಹಾಕಿ ವಾರಗಟ್ಟಲೆ ಕೂತರು. ನವೆಂಬರ್ 24ರಂದು ತಿದ್ದಿದ ಒಪ್ಪಂದಕ್ಕೆ ಸಹಿ ಬಿತ್ತು. ಅವರೊಬ್ಬರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ದೊಡ್ಡವರು ಕೈಚೆಲ್ಲಿ ಕೂರದ ಹಾಗೆ ನೋಡಿಕೊಂಡರು.

ಅದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮೂರಿನದು ಕೇಳಿ. ನಾವು ಮೂಡಿಗೆರೆ ಕಡೆಯವರು. 2018ರ ಮೇ ತಿಂಗಳು, ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುತ್ತಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಸುದ್ದಿ ರಾಜ್ಯದ ತುಂಬ ಓಡಾಡುತ್ತಿದ್ದ ಕಾಲ ಅದು. ನಮ್ಮಲ್ಲಿ ಕಣ್ಣು ಬಿದ್ದದ್ದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಗಳಲ್ಲಿ, ಇದ್ದ ಅಸ್ಸಾಮಿನವರ ಮೇಲೆ. ಒಂದು ಸಂಜೆ ಅಂಗಡಿ ಮುಂದೆ ದೊಣ್ಣೆ ಹಿಡಿದು ಹತ್ತಿಪ್ಪತ್ತು ಜನ ಸೇರಿದ್ದರು. ನಾನೂ ಅಲ್ಲೇ ನಿಂತಿದ್ದೆ, ಏನು ಮಾಡಬೇಕೋ ತೋಚಲಿಲ್ಲ.

ಪಕ್ಕದ ಮನೆಯ ಹುಡುಗಿ, ಆಗಷ್ಟೇ ಪಿಯುಸಿ ಮುಗಿಸಿದ್ದಳು, ತನ್ನ ತಮ್ಮನನ್ನು ಕರೆದುಕೊಂಡು ನೇರ ಲೈನಿಗೆ ಹೋದಳು. ಅರ್ಧ ಗಂಟೆ ಬಿಟ್ಟು ಒಬ್ಬ ಕೆಲಸಗಾರನ ಜೊತೆ ವಾಪಸ್ ಬಂದಳು. ಅವನು ಫೋನ್ ತೆಗೆದು ತೋರಿಸಿದ. ಅದೇ ಮೆಸೇಜ್, ಹಿಂದಿಯಲ್ಲಿ. ಅವರ ಮಕ್ಕಳನ್ನೂ ಎರಡು ದಿನದಿಂದ ಬಾಗಿಲು ಹಾಕಿ ಒಳಗೇ ಕೂರಿಸಿದ್ದರು. ಕಳ್ಳರ ಹೆದರಿಕೆಗೆ. ಅವಳು ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದ ಹಾಗೆ ದೊಣ್ಣೆಗಳು ಒಂದೊಂದಾಗಿ ಗೋಡೆಗೆ ಒರಗಿದವು. ಅಂಗಡಿಯವರು ಅವನಿಗೆ ಟೀ ಕೊಟ್ಟರು.

ಹಾಗಾಗಿ ನಿಮಗೆ ನಾನು ಹೇಳುವುದು, ಇಂಥ ಕೆಲಸಕ್ಕೆ ಮೊದಲು ಬೇಕಾಗುವುದು ಎರಡು ಕಡೆಯವರ ಭಾಷೆ. ಸೈನ್ಯ ಸೇರಿ ಹೋಗುವ ಯೂನಿಫಾರ್ಮ್ ದಾರಿಯೂ ಇದೆ. ನಮ್ಮ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ 1965ರಲ್ಲಿ ತೀರಿಕೊಂಡರು. ಆ ದಾರಿ ಬೇಡವಾದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗಕ್ಕೆ 18 ತುಂಬಿದವರು ಹೆಸರು ಕೊಡಬಹುದು. ಕಾಲೇಜಿನ ಎನ್‌ಎಸ್‌ಎಸ್ ಕ್ಯಾಂಪ್ ತಪ್ಪಿಸಬೇಡಿ, ಗೊತ್ತಿಲ್ಲದ ಊರಿನವರ ಜೊತೆ ಒಂದು ವಾರ ಬಾಳುವುದು ಅಲ್ಲಿ ಅಭ್ಯಾಸ ಆಗುತ್ತದೆ. ಫ್ರೆಂಚ್ ಈಗಲೇ ಶುರು ಮಾಡಿ, ಕಾಂಗೋದಂಥ ಕಡೆ ಅದು ತುಂಬ ಬೇಕಾಗುತ್ತದೆ. ಕೋಚಿಂಗ್‌ಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ನಮ್ಮೂರಿನ ಆ ಹುಡುಗಿ ಹಿಂದಿ ಕಲಿತದ್ದು ಟಿವಿ ಧಾರಾವಾಹಿ ನೋಡಿ.