ಗಾಡಿ ಮಾತು: ಯಜಮಾನರ ಹೆಸರಿನಲ್ಲೇ ಇರುವ ಹಳೇ ಕಾರು

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಡೊಂಬಿವಲಿ ಪೂರ್ವದಲ್ಲಿರುವ ಶಾಲಾ ಟೀಚರ್. ಊರು ಕುಂದಾಪುರದ ಕಡೆ. ನಮ್ಮ ಯಜಮಾನರು 2011ರ ಆಗಸ್ಟ್‌ನಲ್ಲಿ ಕೊಂಡ ವ್ಯಾಗನ್‌ಆರ್ ಇದೆ, ಪೆಟ್ರೋಲ್, ಬೇಸ್ ಮಾಡೆಲ್. 92,000 ಕಿ.ಮೀ. ಓಡಿದೆ. ಅವರು ತೀರಿಹೋಗಿ ಎರಡು ವರ್ಷವಾಯಿತು. ಈಗ ನಾನೇ ಓಡಿಸುತ್ತೇನೆ. ತಿಂಗಳಿಗೆ ಎರಡು ಸಲ ಅತ್ತೆಯನ್ನು ಠಾಣೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಭಾನುವಾರ ಮಾರ್ಕೆಟ್. ಮೇ ತಿಂಗಳಲ್ಲಿ ಒಮ್ಮೆ ಊರು. ವರ್ಷಕ್ಕೆ 3,500 ಕಿ.ಮೀ. ದಾಟುವುದಿಲ್ಲ.

ಈ ಸಲ ಗ್ಯಾರೇಜಿನವರು 48,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಕ್ಲಚ್ 11,000, ಸಸ್ಪೆನ್ಶನ್ 16,000, ಏಸಿ ಕಂಪ್ರೆಸರ್ 14,000, ಡೆಂಟಿಂಗ್ ಪೇಂಟಿಂಗ್ 7,000. ಎಡಗಡೆ ಮುಂದಿನ ಸೀಟಿನಲ್ಲಿ ಕಾಲಿಡುವ ಜಾಗ ತುಕ್ಕು ಹಿಡಿದು ತೂತಾಗಿದೆ ಎಂದೂ ಹೇಳಿದರು. ಪುಣೆಯಲ್ಲಿರುವ ಮಗ, ‘15 ವರ್ಷ ಆದ ಗಾಡಿ ರಸ್ತೆಗೇ ಇಳಿಸೋ ಹಾಗಿಲ್ಲ, ಎಕ್ಸ್‌ಚೇಂಜ್‌ಗೆ ಕೊಡು, 60,000 ಕೊಡ್ತಾರೆ, 6 ಲಕ್ಷ ಲೋನ್ ಮಾಡಿ ಹೊಸದು ತಗೊಳ್ಳೋಣ’ ಅನ್ನುತ್ತಾನೆ. ಆದರೆ ಆರ್‌ಸಿ ಇನ್ನೂ ಯಜಮಾನರ ಹೆಸರಿನಲ್ಲೇ ಇದೆ. ಒಬ್ಬ ಏಜೆಂಟ್, ‘ಅವರ ಹಾಗೇ ನೀವೇ ಒಂದು ಸಹಿ ಹಾಕಿಬಿಡಿ, ಯಾರೂ ನೋಡಲ್ಲ’ ಎಂದ. ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದನ್ನು ಅವರು ಬರೆದಿಟ್ಟ ನೋಟ್‌ಬುಕ್ ಡ್ಯಾಶ್‌ಬೋರ್ಡಿನಲ್ಲೇ ಇದೆ. ನಾನೂ ಅದರಲ್ಲೇ ಬರೆಯುತ್ತಾ ಬಂದಿದ್ದೇನೆ. ಆಗ ಲೀಟರಿಗೆ 17 ಬರುತ್ತಿತ್ತು, ಈಗ 14 ಚಿಲ್ಲರೆ. ಏನು ಮಾಡಲಿ?
— ಹೆಸರು ಬೇಡ ಎಂದಿರುವ ಓದುಗರು, ಡೊಂಬಿವಲಿ

ಉತ್ತರ: ಟೀಚರೇ, ಆ ಸಹಿ ಮಾತ್ರ ಹಾಕಬೇಡಿ. ಇಟ್ಟುಕೊಳ್ಳುವುದೋ ಮಾರುವುದೋ ಆಮೇಲೆ ನೋಡೋಣ. ತೀರಿಹೋದವರ ಸಹಿ ನೀವು ಹಾಕಿದರೆ ಅದು ಫೋರ್ಜರಿ. ಏಜೆಂಟ್ ತನ್ನ ಕಮಿಷನ್ ತೆಗೆದುಕೊಂಡು ಹೋಗುತ್ತಾನೆ. ಕಾಗದದ ಮೇಲೆ ಉಳಿಯುವುದು ನಿಮ್ಮ ಕೈಬರಹ.

ನಿಮ್ಮ ಪತ್ರ ಓದುವಾಗ ನನಗೆ ಆ 48,000ಕ್ಕಿಂತ ಜಾಸ್ತಿ ಗಾಬರಿಯಾದದ್ದು ಬೇರೆ ವಿಷಯಕ್ಕೆ. ಎರಡು ವರ್ಷದಿಂದ ಈ ಗಾಡಿಯ ಇನ್ಶೂರೆನ್ಸ್ ಯಾರ ಹೆಸರಿನಲ್ಲಿದೆ? ಆರ್‌ಸಿ ಅವರ ಹೆಸರಿನಲ್ಲಿದ್ದರೆ ಪಾಲಿಸಿಯೂ ಅವರ ಹೆಸರಿನಲ್ಲೇ ರಿನ್ಯೂ ಆಗುತ್ತಾ ಬಂದಿರಬೇಕು. ಮಾಲೀಕರು ತೀರಿಕೊಂಡಾಗ ಚಾಲ್ತಿಯಲ್ಲಿದ್ದ ಪಾಲಿಸಿ ಮೂರು ತಿಂಗಳು ನಡೆಯುತ್ತದೆ. ಅಷ್ಟರೊಳಗೆ ಅದರ ಅವಧಿ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಅವರ ಹೆಸರಿನಲ್ಲೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದರೆ ಪಾಲಿಸಿ ಕಾಗದ ಬರುತ್ತದೆ, ಕ್ಲೇಮ್ ಬರುತ್ತದೆ ಎಂಬ ಭರವಸೆ ಇಲ್ಲ. ಗಾಡಿ ಓಡಿಸುವ ಮಾಲೀಕರಿಗೆ ಅಂತ 15 ಲಕ್ಷದ ಅಪಘಾತ ವಿಮೆ ಇರುತ್ತದಲ್ವಾ, ಅದೂ ಆರ್‌ಸಿಯಲ್ಲಿ ಹೆಸರಿದ್ದವರಿಗೇ. ಠಾಣೆಗೆ ಹೋಗುವಾಗ ಸ್ಟಿಯರಿಂಗ್ ಹಿಡಿದಿರುವವರು ನೀವು, ಪಕ್ಕದಲ್ಲಿ ಅತ್ತೆ. ನಾಳೆ ಏನಾದರೂ ಆದರೆ ನಿಮ್ಮ ಕೈಗೆ ಏನೂ ಸಿಗದೆ ಹೋಗಬಹುದು. ದಯವಿಟ್ಟು ಇದನ್ನು ಮುಂದೂಡಬೇಡಿ.

ಮಾಲೀಕರು ತೀರಿಕೊಂಡರೆ ಹೆಸರು ಬದಲಾಯಿಸಲು ಬೇರೆಯೇ ಫಾರ್ಮ್ ಇದೆ, 31ನೇ ನಂಬರಿನದು. ಮಾರಾಟಕ್ಕೆ ಬಳಸುವ 29, 30 ಇಲ್ಲಿ ನಡೆಯುವುದಿಲ್ಲ. ಮೂರು ತಿಂಗಳೊಳಗೆ ಕೊಡಬೇಕಿತ್ತು, ಆದ್ದರಿಂದ ದಂಡ ಬೀಳಬಹುದು. ಕಟ್ಟಿಬಿಡಿ. ಡೆತ್ ಸರ್ಟಿಫಿಕೇಟ್, ಆರ್‌ಸಿ, ಇನ್ಶೂರೆನ್ಸ್, ಪಿಯುಸಿ (ಹೊಗೆ ತಪಾಸಣೆಯ ಸರ್ಟಿಫಿಕೇಟ್), ನೀವು ವಾರಸುದಾರರು ಎಂಬುದಕ್ಕೆ ದಾಖಲೆ, ಜೊತೆಗೆ ಮಗ ಮತ್ತು ಅತ್ತೆಯ ಕಡೆಯಿಂದ ‘ನಮ್ಮ ಅಭ್ಯಂತರ ಇಲ್ಲ’ ಎಂಬ ಅಫಿಡವಿಟ್ ಸಿದ್ಧ ಮಾಡಿಕೊಳ್ಳಿ. ಗಂಡನ ಆಸ್ತಿಯಲ್ಲಿ ತಾಯಿಗೂ ಪಾಲಿದೆ, ಅದಕ್ಕೇ ಅತ್ತೆಯ ಸಹಿಯೂ ಬೇಕು. ನಿಮ್ಮ ಗಾಡಿ ಎಂಎಚ್ 05 ಇರಬೇಕು, ಹಾಗಿದ್ದರೆ ಕೆಲಸ ಕಲ್ಯಾಣ ಆರ್‌ಟಿಒದಲ್ಲಿ. ಹೊಸ ಥರದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸದಿದ್ದರೆ ಅದನ್ನು ಮೊದಲು ಮುಗಿಸಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಮಹಾರಾಷ್ಟ್ರದಲ್ಲಿ ಅದು ಕಡ್ಡಾಯ. ಆರ್‌ಸಿ ನಿಮ್ಮ ಹೆಸರಿಗೆ ಬಂದಾಗ ಮಗನನ್ನು ನಾಮಿನಿ ಮಾಡಿ. 2021ರಿಂದ ಆರ್‌ಸಿಯಲ್ಲಿ ನಾಮಿನಿ ಬರೆಸುವ ಅವಕಾಶ ಇದೆ. ಮುಂದೆ ಅವನಿಗೆ ಈ ಅಲೆದಾಟ ಕಡಿಮೆಯಾಗುತ್ತದೆ. ಯಜಮಾನರು ಕ್ಲೇಮ್ ಮಾಡದೆ ಉಳಿಸಿದ್ದ ನೋ ಕ್ಲೇಮ್ ಬೋನಸ್ ಇದ್ದರೆ ಅದು ಹೆಂಡತಿಗೆ ಬರುತ್ತದೆ. ಕೇಳಿ ಪಡೆಯಿರಿ.

ಇನ್ನು ಗಾಡಿಯ ವಿಷಯ.

ನಾನು ಭಾಂಡುಪ್‌ನ ಗ್ಯಾರೇಜಿನಲ್ಲಿ 26 ವರ್ಷ ದುಡಿದವನು. ಹಳೇ ಕಾರು ಬಂದರೆ ನಾನು ಬಾನೆಟ್ ಎತ್ತುವ ಮೊದಲು ಕೆಳಗೆ ನೋಡುತ್ತಿದ್ದೆ. ಎಂಜಿನ್ ರಿಪೇರಿ ಆಗುತ್ತದೆ, ಕ್ಲಚ್ ಬದಲಿಸಬಹುದು. ಪತ್ರಾ, ಅಂದರೆ ಬಾಡಿಯ ತಗಡು, ಹೋದರೆ ಗಾಡಿ ಹೋಯಿತು. ಮುಂಬಯಿಯ ಗಾಡಿಗೆ ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಉಳಿದ ತಿಂಗಳು ಸಮುದ್ರದ ಗಾಳಿ. ತುಕ್ಕು ಎಲ್ಲಿದೆ ಎಂಬುದರ ಮೇಲೆ ನಿಮ್ಮ ಇಡೀ ಪ್ರಶ್ನೆ ನಿಂತಿದೆ.

ನೀವು ಹೇಳಿದ ಜಾಗ ಎಡಗಡೆ ಮುಂದಿನ ಸೀಟಿನ ಕಾಲಡಿ. ಅಲ್ಲಿ ತೂತಾಗಲು ಒಂದು ಸಾಮಾನ್ಯ ಕಾರಣ ಇದೆ. ಏಸಿಯ ನೀರು ಹೊರಗೆ ಹೋಗುವ ಸಣ್ಣ ಪೈಪ್ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ನೀರು ಒಳಗೇ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಮೇಲಿನಿಂದ ಗೊತ್ತಾಗುವುದಿಲ್ಲ, ಒದ್ದೆ ಗೋಣಿಯ ಥರ ವಾಸನೆ ಮಾತ್ರ ಬರುತ್ತದೆ. ಒಮ್ಮೆ ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ. ಒದ್ದೆ ಇದ್ದರೆ ಕಾರಣ ಸಿಕ್ಕಿತು. ಪೈಪ್ ಕ್ಲೀನ್ ಮಾಡಿಸಿ, ತೂತಿಗೆ ತಗಡು ವೆಲ್ಡ್ ಮಾಡಿಸಿದರೆ ಮುಗಿಯಿತು. ಅದು ದೊಡ್ಡ ಖರ್ಚಲ್ಲ.

ಆದರೆ ಗಾಡಿಯನ್ನು ರ‍್ಯಾಂಪ್ ಮೇಲೆ ಏರಿಸಿ ನೀವೇ ಕೆಳಗೆ ನಿಂತು ನೋಡಿ. ‘ಮೇಡಂ, ನಾವು ನೋಡ್ತೀವಿ’ ಎಂದರೆ ಒಪ್ಪಬೇಡಿ. ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಮುಂದಿನ ಸಸ್ಪೆನ್ಶನ್ ಬೋಲ್ಟ್ ಕೂರುವ ಜಾಗ, ಹಿಂದಿನ ಆಕ್ಸಲ್ ಹಿಡಿದಿರುವ ಜಾಗ. ಇಷ್ಟು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿಸಿ. ಗಟ್ಟಿ ಲೋಹ ಠಣ್ ಅನ್ನುತ್ತದೆ. ಸತ್ತ ಪತ್ರಾ ಮಂಕಾಗಿ ಸದ್ದು ಮಾಡುತ್ತದೆ, ಪುಡಿ ಉದುರುತ್ತದೆ. ಇಲ್ಲಿ ಪುಡಿ ಉದುರಿದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಗಾಡಿ ಯಾರಿಗೂ ಮಾರಬೇಡಿ ಕೂಡ. ಬೇರೆಯವರ ಮನೆಯ ಮಕ್ಕಳು ಅದರಲ್ಲಿ ಕೂರುತ್ತಾರೆ. ಸರ್ಕಾರದಲ್ಲಿ ರಿಜಿಸ್ಟರ್ ಆದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ. ಅವರು ಕೊಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಇಟ್ಟುಕೊಳ್ಳಿ, ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ಅದು ಬೇಕು.

ಎಂಜಿನ್ ಬಗ್ಗೆ ನನಗೆ ಚಿಂತೆ ಇಲ್ಲ. ಅದಕ್ಕೆ ಸಾಕ್ಷಿ ನಿಮ್ಮ ನೋಟ್‌ಬುಕ್. 26 ವರ್ಷದಲ್ಲಿ ಇಂಥ ಪುಸ್ತಕ ಇಟ್ಟ ಗಿರಾಕಿಗಳನ್ನು ನಾನು ಕೈಬೆರಳಲ್ಲಿ ಎಣಿಸಬಹುದು. 15 ವರ್ಷಕ್ಕೆ 17ರಿಂದ 14ಕ್ಕೆ ಇಳಿದದ್ದು ಏಕಾಏಕಿ ಬಿದ್ದದ್ದಲ್ಲ ಅಲ್ವಾ? ಪುಟ ತಿರುವಿ ನೋಡಿ, ಮೆಲ್ಲಗೆ ಇಳಿದಿರುತ್ತದೆ. ಈಗ ಬಂಕಿನಲ್ಲಿ ಬರುವುದು 20% ಎಥನಾಲ್ ಬೆರೆತ ಪೆಟ್ರೋಲ್, ಅದರಿಂದ ಸ್ವಲ್ಪ. ಕ್ಲಚ್ ಜಾರುತ್ತಿದ್ದರೆ ಅದರಿಂದಲೂ ಸ್ವಲ್ಪ. ಆ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಇನ್ನೂ ಓಡುತ್ತದೆ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಮಾತ್ರ ಪರೀಕ್ಷಿಸಿ, ಬಿರುಕು ಕಂಡರೆ ಬದಲಿಸಿ. ಎಥನಾಲ್ ಹಳೇ ರಬ್ಬರಿಗೆ ಒಳ್ಳೆಯದಲ್ಲ.

ಪತ್ರಾ ಗಟ್ಟಿ ಇದೆ ಎಂದಾದರೆ ಎಸ್ಟಿಮೇಟ್ ಒಡೆದು ನೋಡೋಣ. ಕ್ಲಚ್, ಸಸ್ಪೆನ್ಶನ್ ಮಾಡಿಸಲೇಬೇಕು, 27,000. ಕಂಪ್ರೆಸರ್‌ಗೆ ಈಗಲೇ ಹೂಂ ಅನ್ನಬೇಡಿ. ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ಲೀಕ್ ಟೆಸ್ಟ್ ಮಾಡಿಸಿ. ಎಷ್ಟೋ ಸಲ ಒಂದು ಓ-ರಿಂಗ್ (ಸಣ್ಣ ರಬ್ಬರ್ ಉಂಗುರ) ಬದಲಿಸಿದ್ದಕ್ಕೆ ಏಸಿ ತಣ್ಣಗಾದದ್ದನ್ನು ನಾನೇ ನೋಡಿದ್ದೇನೆ. ಪೇಂಟಿಂಗ್ ಬಿಡಿ.

ಮಗ ಹೇಳುವ ಲೋನ್: 6 ಲಕ್ಷಕ್ಕೆ 9% ಬಡ್ಡಿ, ಐದು ವರ್ಷ ಎಂದುಕೊಳ್ಳಿ. ತಿಂಗಳಿಗೆ ಹತ್ತಿರ ಹತ್ತಿರ 12,450 ಕಂತು. ಐದು ವರ್ಷದ ಬಡ್ಡಿಯೇ 1,47,000. ನಿಮ್ಮ ಪೂರ್ತಿ ಎಸ್ಟಿಮೇಟಿನ ಮೂರು ಪಟ್ಟು. ವರ್ಷಕ್ಕೆ 3,500 ಕಿ.ಮೀ. ಓಡುವ ಗಾಡಿಗೆ ಇದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. 15 ವರ್ಷಕ್ಕೆ ಗಾಡಿ ರಸ್ತೆಯಿಂದ ಎತ್ತುವ ನಿಯಮ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ 2026ರ ಆಗಸ್ಟ್‌ಗೆ ಮುಂಚೆ ಗಾಡಿ ತೋರಿಸಿ ರಿಜಿಸ್ಟ್ರೇಶನ್ ರಿನ್ಯೂ ಮಾಡಿಸಿದರೆ ಐದು ವರ್ಷ ಸಿಗುತ್ತದೆ. ಕಾರಿಗೆ ಫೀ 5,000, ಮೇಲೆ ಪರಿಸರ ತೆರಿಗೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 500 ದಂಡ.

ಹಾಗಂತ ಮಗನ ಮಾತು ಪೂರ್ತಿ ತಪ್ಪಲ್ಲ. 2011ರ ಬೇಸ್ ಮಾಡೆಲಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಈಗಿನ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿಯೂ 18%ಗೆ ಇಳಿದಿದೆ. ಮಗನಿಗೆ ನಿಮ್ಮ ಬಗ್ಗೆ ಇರುವ ಹೆದರಿಕೆ ಸರಿಯಾದದ್ದೇ. ಅದಕ್ಕೇ ನನ್ನ ಸಲಹೆ ಹೀಗೆ: ಪತ್ರಾ ಗಟ್ಟಿ ಇದ್ದರೆ ಗಾಡಿ ಇಟ್ಟುಕೊಳ್ಳಿ, ಆದರೆ ಡೊಂಬಿವಲಿ, ಠಾಣೆ, ಕಲ್ಯಾಣಕ್ಕೆ ಮಾತ್ರ. ಕುಂದಾಪುರಕ್ಕೆ ಈ ಕಾರಿನಲ್ಲಿ ಹೋಗುವುದನ್ನು ಈ ವರ್ಷದಿಂದಲೇ ನಿಲ್ಲಿಸಿ. ಮತ್ಸ್ಯಗಂಧ ರೈಲು ಇದೆ. ಅತ್ತೆಗೂ ಕಾಲು ಚಾಚಿ ಮಲಗಲು ಆಗುತ್ತದೆ. ಘಟ್ಟದ ತಿರುವಿನಲ್ಲಿ, ರಾತ್ರಿ ಲಾರಿಗಳ ನಡುವೆ ನೀವಿಬ್ಬರೇ ಈ ಗಾಡಿಯಲ್ಲಿ ಇರುವುದನ್ನು ನೆನೆಸಿಕೊಂಡರೆ ನನಗೂ ಸಮಾಧಾನ ಇಲ್ಲ.

ಮುಂದೆ ಮಾರುವುದೇ ಆದರೆ ಒಂದು ಮಾತು. 2009ರಲ್ಲಿ ನನ್ನ ಹಳೇ ಕಾರನ್ನು ಪರಿಚಯದವರಿಗೆ ಕೊಟ್ಟೆ. ದುಡ್ಡು ಬಂತು, ಫಾರ್ಮುಗಳಿಗೆ ಸಹಿ ಹಾಕಿದೆ, ‘ಹೆಸರು ನಾವೇ ಮಾಡ್ಕೋತೀವಿ’ ಎಂದರು. 14 ತಿಂಗಳ ಮೇಲೆ ಕೋರ್ಟಿನಿಂದ ಸಮನ್ಸ್. ಗಾಡಿ ಮೂರು ಕೈ ದಾಟಿತ್ತು, ಇನ್ಶೂರೆನ್ಸ್ ಇರಲಿಲ್ಲ, ಒಬ್ಬ ಹುಡುಗನ ಕಾಲು ಮುರಿದಿತ್ತು. ಆರ್‌ಸಿಯಲ್ಲಿ ಇದ್ದದ್ದು ನನ್ನ ಹೆಸರು. ನಾಲ್ಕು ವರ್ಷ ಅಲೆದೆ. ಆ ಹುಡುಗನ ತಾಯಿ ಪ್ರತಿ ತಾರೀಖಿಗೂ ಬಂದು ಕೂರುತ್ತಿದ್ದರು, ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದ್ದರಿಂದ ದುಡ್ಡಿನಲ್ಲಿ ಸ್ವಲ್ಪ ಬಾಕಿ ಇಟ್ಟರೂ ಪರವಾಗಿಲ್ಲ, ಹೆಸರು ಬದಲಾದದ್ದನ್ನು ಆನ್‌ಲೈನ್‌ನಲ್ಲಿ ಕಣ್ಣಾರೆ ನೋಡಿ. ಷೋರೂಮಿನ ಎಕ್ಸ್‌ಚೇಂಜ್‌ಗೂ ಇದೇ ಮಾತು. ಫಾಸ್ಟ್ಯಾಗ್ ಮುಚ್ಚಿಸಿ. ನೋಟ್‌ಬುಕ್ ಮಾತ್ರ ಗಾಡಿಯ ಜೊತೆ ಕೊಡಬೇಡಿ, ಕೊಳ್ಳುವವರಿಗೆ ತೋರಿಸಿ ವಾಪಸ್ ತೆಗೆದುಕೊಳ್ಳಿ.

ಪ್ರಶ್ನೆ: ಪಿಂಪ್ರಿಯಲ್ಲಿ 30 ವರ್ಷ ಕೆಲಸ ಮಾಡಿ ನಿವೃತ್ತನಾಗುತ್ತಿದ್ದೇನೆ. ಧಾರವಾಡಕ್ಕೆ ವಾಪಸ್. ಎಂಟು ವರ್ಷದ ಎಂಎಚ್ 14 ಕಾರು ಇದೆ. ಮಾರಿ ಹೋಗಲೋ, ತೆಗೆದುಕೊಂಡು ಹೋಗಲೋ?
— ಓದುಗರು, ಪುಣೆ

ಉತ್ತರ: ಸರ್, ಮೊದಲು ಧಾರವಾಡದ ಆರ್‌ಟಿಒದಲ್ಲಿ ನಿಮ್ಮ ಗಾಡಿಗೆ ಎಷ್ಟು ಲೈಫ್‌ಟೈಮ್ ಟ್ಯಾಕ್ಸ್ ಬೀಳುತ್ತದೆ ಎಂದು ಕೇಳಿ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಒಂದು ಕಡೆ ಇದ್ದರೆ ಅಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಪಿಂಪ್ರಿ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಬೇಕು, ಲೋನ್ ಇದ್ದರೆ ಬ್ಯಾಂಕಿನದೂ ಬೇಕು. ಕರ್ನಾಟಕದಲ್ಲಿ ಗಾಡಿಯ ವಯಸ್ಸು ನೋಡಿ ಟ್ಯಾಕ್ಸ್ ಕಡಿಮೆ ಮಾಡುತ್ತಾರೆ, ಆದರೂ ಮೊತ್ತ ಸಣ್ಣದಿರುವುದಿಲ್ಲ. ಮಹಾರಾಷ್ಟ್ರದಲ್ಲಿ ಕಟ್ಟಿದ ಟ್ಯಾಕ್ಸಿನಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ಅದಕ್ಕೆ ಓಡಾಟ ಇದೆ. ನಿವೃತ್ತಿಯ ಮೊದಲ ವರ್ಷ ಆ ಓಡಾಟ ನಿಮಗೆ ಬೇಕೇ?

ಟ್ಯಾಕ್ಸ್ ಗಾಡಿಯ ಈಗಿನ ಬೆಲೆಯ ಐದನೇ ಒಂದು ಭಾಗ ದಾಟಿದರೆ ನಾನಾದರೆ ಪುಣೆಯಲ್ಲೇ ಮಾರುತ್ತಿದ್ದೆ. ಎಂಎಚ್ ನಂಬರಿಗೆ ಗಿರಾಕಿ ಇರುವುದು ಅಲ್ಲೇ. ಮಾರುವಾಗ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಆ ಬೋನಸ್ ಗಾಡಿಯದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿ) ಪ್ರೀಮಿಯಂನಲ್ಲಿ 50% ವರೆಗೆ ಇಳಿಯುತ್ತದೆ. ಮೂರು ವರ್ಷದೊಳಗೆ ಧಾರವಾಡದಲ್ಲಿ ಯಾವ ಕಾರು ಕೊಂಡರೂ ಅದನ್ನು ಬಳಸಬಹುದು.