ಕ್ಷೇತ್ರ ಬಿಟ್ಟುಕೊಟ್ಟವರು ಎಂಬ ಒಂದು ಮಾತಿನಾಚೆ: ಡಿ.ಬಿ. ಚಂದ್ರೇಗೌಡರ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಡಿ.ಬಿ. ಚಂದ್ರೇಗೌಡರ ಹೆಸರು ಬಂದಾಗಲೆಲ್ಲ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರು ಕ್ಷೇತ್ರ ಬಿಟ್ಟುಕೊಟ್ಟವರು ಎಂಬ ಒಂದೇ ಮಾತು ಕೇಳಿಬರುತ್ತದೆ. ನಮ್ಮ ತೀರ್ಥಹಳ್ಳಿಯ ಶಾಸಕರೂ ಆಗಿದ್ದ ಅವರ ಸಾರ್ವಜನಿಕ ಜೀವನವನ್ನು ಸ್ವಲ್ಪ ವಿವರವಾಗಿ ತಿಳಿಸುವಿರಾ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯಲ್ಲಿ 1936ರ ಆಗಸ್ಟ್ 26ರಂದು ಹುಟ್ಟಿದ ಚಂದ್ರೇಗೌಡರು ವೃತ್ತಿಯಿಂದ ವಕೀಲರು. ಪ್ರಜಾ ಸಮಾಜವಾದಿ ಪಕ್ಷದ ಮೂಲಕ ರಾಜಕೀಯಕ್ಕೆ ಬಂದು, ನಂತರ ಕಾಂಗ್ರೆಸ್ ಸೇರಿ, 1971ರಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಆಯ್ಕೆಯಾದಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಆ ಚುನಾವಣೆಯಲ್ಲಿ ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಕಾಂಗ್ರೆಸ್ಸಿಗೇ ಬಂದಿದ್ದವು. ಆದ್ದರಿಂದ ಆ ಗೆಲುವನ್ನು ಚಂದ್ರೇಗೌಡರೊಬ್ಬರ ವರ್ಚಸ್ಸಿನ ಗೆಲುವೆಂದು ಹೇಳಲಾಗದು. 1977ರಲ್ಲಿ ಅವರು ಮತ್ತೆ ಗೆದ್ದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ ಆ ವರ್ಷವೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾಗಿದ್ದವು.

ಈ ಎರಡು ಗೆಲುವುಗಳ ನಡುವೆ ತುರ್ತುಪರಿಸ್ಥಿತಿಯ ಕಾಲವಿದೆ. ನಾಗರಿಕರ ಹಕ್ಕುಗಳು ಅಮಾನತಿನಲ್ಲಿದ್ದಾಗ ಆಳುವ ಪಕ್ಷದ ಸಾಲಿನಲ್ಲಿ ಕುಳಿತಿದ್ದ ಪ್ರತಿಯೊಬ್ಬ ವಕೀಲ ಸಂಸದರನ್ನೂ ಚರಿತ್ರೆ ಪ್ರಶ್ನಿಸುತ್ತದೆ; ಚಂದ್ರೇಗೌಡರೂ ಅದಕ್ಕೆ ಹೊರತಲ್ಲ. ಅವರ ಮೇಲಿನ ಗೌರವಕ್ಕಾಗಿ ಈ ಅಧ್ಯಾಯವನ್ನು ಮುಚ್ಚಿಡುವುದು ಸರಿಯಲ್ಲವೆಂದು ನನ್ನ ಭಾವನೆ.

ಇಂದಿರಾ ಅವರಿಗಾಗಿ ಲೋಕಸಭಾ ಸ್ಥಾನಕ್ಕೆ 1978ರಲ್ಲಿ ಕೊಟ್ಟ ರಾಜೀನಾಮೆಯ ಬಳಿಕ ಅವರು ವಿಧಾನ ಪರಿಷತ್ತಿಗೆ ಬಂದರು, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾದರು. 1983ರಲ್ಲಿ ಜನತಾ ಪಕ್ಷದಿಂದ ನಿಮ್ಮ ತೀರ್ಥಹಳ್ಳಿಯ ಶಾಸಕರಾದ ಅವರನ್ನು ವಿಧಾನಸಭೆ ತನ್ನ ಅಧ್ಯಕ್ಷರನ್ನಾಗಿ ಆರಿಸಿಕೊಂಡಿತು. ಅವರ ವಕೀಲಿಕೆಯ ಅನುಭವ ಹೆಚ್ಚು ಉಪಯೋಗಕ್ಕೆ ಬಂದಿರಬಹುದಾದ ಹುದ್ದೆಯೆಂದರೆ ನನ್ನ ದೃಷ್ಟಿಯಲ್ಲಿ ಇದೇ. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದಿತ್ತು. ರಾಮಕೃಷ್ಣ ಹೆಗಡೆಯವರ ಆ ಸರ್ಕಾರಕ್ಕೆ ಸ್ವಂತ ಬಹುಮತವಿರಲಿಲ್ಲ, ಹೊರಗಿನ ಬೆಂಬಲದ ಮೇಲೆ ನಿಂತಿತ್ತು. ಪಕ್ಷಾಂತರ ನಿಷೇಧ ಕಾಯ್ದೆಯೂ ಆಗಿನ್ನೂ ಬಂದಿರಲಿಲ್ಲ, ಅದು ಬಂದದ್ದು 1985ರಲ್ಲಿ. ಒಂದೊಂದು ಮತವೂ ಸರ್ಕಾರದ ಅಳಿವು ಉಳಿವನ್ನು ನಿರ್ಧರಿಸಬಹುದಾಗಿದ್ದ ಅಂಥ ಸದನದಲ್ಲಿ ಸಭಾಧ್ಯಕ್ಷರ ಪ್ರತಿಯೊಂದು ರೂಲಿಂಗ್ ಎರಡೂ ಕಡೆಯವರ ಪರಿಶೀಲನೆಗೆ ಒಳಗಾಗುತ್ತದೆ. ನಿಯಮಾವಳಿಯನ್ನು ಓದಿ ಅರ್ಥೈಸುವ ಅಭ್ಯಾಸವಿಲ್ಲದವರಿಗೆ ಆ ಪೀಠ ಬಲು ಕಷ್ಟದ್ದು.

ಮುಂದೆ 1986ರಲ್ಲಿ ರಾಜ್ಯಸಭೆ, 1989ರಲ್ಲಿ ಮತ್ತೆ ತೀರ್ಥಹಳ್ಳಿ, 1999ರಲ್ಲಿ ಕಾಂಗ್ರೆಸ್ಸಿನಿಂದ ಶೃಂಗೇರಿ, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಖಾತೆ. ಲೋಕಸಭೆಯನ್ನು ಬಿಟ್ಟು ಮೂರು ದಶಕ ಕಳೆದ ಮೇಲೆ, 2009ರಲ್ಲಿ, ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ಗೆದ್ದು ಅದೇ ಸದನಕ್ಕೆ ಮರಳಿದರು. ಹೀಗೆ ಸಂಸತ್ತಿನ ಎರಡೂ ಸದನಗಳಲ್ಲಿ, ರಾಜ್ಯದ ಎರಡೂ ಸದನಗಳಲ್ಲಿ ಸದಸ್ಯರಾಗಿದ್ದ ವಿರಳರಲ್ಲಿ ಅವರೊಬ್ಬರು. ಇಷ್ಟು ಪಕ್ಷಗಳನ್ನು ಬದಲಿಸಿದ್ದು ಅನೇಕರಿಗೆ ಹಿಡಿಸಲಿಲ್ಲ, ಆ ಅಸಮಾಧಾನಕ್ಕೆ ಕಾರಣವೂ ಇದೆ. ಆದರೂ ಪಕ್ಷಗಳ ಪಟ್ಟಿಯನ್ನಷ್ಟೇ ಹಿಡಿದು ಅವರನ್ನು ಅಳೆದರೆ ಸದನದೊಳಗಿನ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಅವರು 2023ರ ನವೆಂಬರ್ 7ರಂದು ನಿಧನರಾದರು.

ಪ್ರಶ್ನೆ: ಒಬ್ಬ ಸಂಸದರು ಇನ್ನೊಬ್ಬರಿಗೆ ತಮ್ಮ ಸ್ಥಾನವನ್ನು ‘ಬಿಟ್ಟುಕೊಡಲು’ ಕಾನೂನಿನಲ್ಲಿ ಅವಕಾಶವಿದೆಯೇ?
– ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ಇಲ್ಲ. ಸ್ಥಾನವನ್ನು ತೆರವು ಮಾಡಬಹುದೇ ಹೊರತು ಯಾರಿಗೂ ಹಸ್ತಾಂತರಿಸುವಂತಿಲ್ಲ. ತೆರವಾದ ಸ್ಥಾನವನ್ನು ತುಂಬುವವರು ಮತದಾರರು. ಸಂವಿಧಾನದ 101ನೇ ವಿಧಿಯ ಪ್ರಕಾರ ಲೋಕಸಭಾ ಸದಸ್ಯರು ತಮ್ಮ ಸಹಿಯುಳ್ಳ ರಾಜೀನಾಮೆ ಪತ್ರವನ್ನು ಸ್ಪೀಕರ್ ಅವರಿಗೆ ಕೊಡಬೇಕು, ಅದು ಅಂಗೀಕಾರವಾದ ಮೇಲೆಯೇ ಸ್ಥಾನ ಖಾಲಿಯಾಗುತ್ತದೆ. ಗುಜರಾತಿನಲ್ಲಿ ಶಾಸಕರಿಂದ ಒತ್ತಾಯದಿಂದ ರಾಜೀನಾಮೆ ಪಡೆದ ಪ್ರಸಂಗಗಳ ನಂತರ, 1974ರ 33ನೇ ತಿದ್ದುಪಡಿಯು ಇನ್ನೊಂದು ರಕ್ಷಣೆಯನ್ನು ಸೇರಿಸಿತು: ರಾಜೀನಾಮೆ ಸ್ವಇಚ್ಛೆಯದಲ್ಲ ಅಥವಾ ನೈಜವಲ್ಲ ಎಂದು ವಿಚಾರಣೆಯಿಂದ ಮನವರಿಕೆಯಾದರೆ ಸ್ಪೀಕರ್ ಅದನ್ನು ಅಂಗೀಕರಿಸಬಾರದು.

1978ರಲ್ಲಿ ಆ ಸ್ಪೀಕರ್ ಪೀಠದಲ್ಲಿದ್ದವರು ಕಾರ್ಕಳ ಕಡೆಯವರಾದ ಕೆ.ಎಸ್. ಹೆಗ್ಡೆ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ನೆನಪಿಟ್ಟುಕೊಂಡಿಲ್ಲ. ಅವರೂ ವಕೀಲರು, ನಂತರ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು. 1973ರಲ್ಲಿ ಇಂದಿರಾ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ ರಾಜೀನಾಮೆ ಕೊಟ್ಟವರಲ್ಲಿ ಅವರೂ ಒಬ್ಬರು. ಇಂದಿರಾ ಅವರಿಗಾಗಿ ಮಲೆನಾಡಿನ ಒಬ್ಬ ವಕೀಲರು ತೆರವು ಮಾಡಿದ ಸ್ಥಾನ, ಇಂದಿರಾ ಅವರಿಂದಾಗಿ ನ್ಯಾಯಪೀಠ ತೊರೆದ ಕರಾವಳಿಯ ಇನ್ನೊಬ್ಬ ಕಾನೂನು ಪಂಡಿತರ ಸಭೆಯಲ್ಲಿತ್ತು. ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆದರೆ ಡಿಸೆಂಬರ್ 19ರಂದು ಅದೇ ಲೋಕಸಭೆ ಸದನದ ಹಕ್ಕುಚ್ಯುತಿಗಾಗಿ ಅವರ ಸದಸ್ಯತ್ವವನ್ನು ರದ್ದುಪಡಿಸಿ, ಅಧಿವೇಶನ ಮುಗಿಯುವವರೆಗೆ ಸೆರೆವಾಸವನ್ನೂ ವಿಧಿಸಿತು. ಆ ನಿರ್ಣಯವನ್ನು ಲೋಕಸಭೆ 1981ರ ಮೇ 7ರಂದು ಹಿಂತೆಗೆದುಕೊಂಡಿತು.

ಪ್ರಶ್ನೆ: ಸಂಸದರಾಗಲು ಕಾನೂನು ಪದವಿ ಬೇಕೇ? ಸಂಸದರಾದ ಮೇಲೆ ವಕೀಲಿಕೆ ಬಿಡಬೇಕೇ? ನಮ್ಮ ಶಿವಮೊಗ್ಗದಿಂದಲೂ ಇಂಥವರು ಹೋಗಿದ್ದಾರೆಯೇ?
– ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪದವಿ ಬೇಕಿಲ್ಲ. ಭಾರತದ ಪೌರರಾಗಿದ್ದು, ಲೋಕಸಭೆಗಾದರೆ 25, ರಾಜ್ಯಸಭೆಗಾದರೆ 30 ವರ್ಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಕೀಲಿಕೆಯನ್ನೂ ಬಿಡಬೇಕಿಲ್ಲ: ಶಾಸಕರು, ಸಂಸದರು ಪೂರ್ಣಾವಧಿಯ ಸಂಬಳದ ನೌಕರರಲ್ಲವಾದ್ದರಿಂದ ವಕೀಲರ ಪರಿಷತ್ತಿನ ನಿಯಮ ಅವರಿಗೆ ಅಡ್ಡಿಯಾಗದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ಆದರೂ ಮಸೂದೆಯ ಕಲಂಗಳನ್ನು ಒಂದೊಂದಾಗಿ ಬಿಡಿಸಿ ಓದುವ, ‘ತಕ್ಕದ್ದು’ ಎಂಬಲ್ಲಿ ‘ಬಹುದು’ ಎಂದಾದರೆ ಯಾರ ಹಕ್ಕು ಸಡಿಲವಾಗುತ್ತದೆಂದು ಹುಡುಕುವ ಶಿಸ್ತು ನಿಮಗೆ ಕಾಲೇಜಿನಲ್ಲೇ ಸಿಗುತ್ತಿದೆ, ಅದು ಸಣ್ಣ ಲಾಭವಲ್ಲ.

ಶಿವಮೊಗ್ಗದಿಂದ ಒಬ್ಬರ ಹಿಂದೊಬ್ಬರಂತೆ ಇಬ್ಬರು ಹೋಗಿದ್ದಾರೆ. ಸಂವಿಧಾನ ರಚನಾ ಸಭೆಯಲ್ಲಿದ್ದ ಎಸ್.ವಿ. ಕೃಷ್ಣಮೂರ್ತಿ ರಾವ್ ರಾಜ್ಯಸಭೆಯ ಮೊದಲ ಉಪಸಭಾಪತಿಗಳು. 1962ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯ ಉಪಸಭಾಧ್ಯಕ್ಷರಾದರು. ನಂತರ 1967ರಲ್ಲಿ ಸಮಾಜವಾದಿ ಜೆ.ಎಚ್. ಪಟೇಲರು ಅಲ್ಲಿಂದಲೇ ಗೆದ್ದು ಹೋದರು. ಕಾನೂನು ಓದಿದ್ದ ಅವರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂದು ಪ್ರಸಿದ್ಧರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ತಕ್ಕಂತೆ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಪೀಠ ಅನುಮತಿ ಕೊಡಬಹುದೆಂದು 120ನೇ ವಿಧಿ ಹೇಳುತ್ತದೆ. ಪಟೇಲರ ಕನ್ನಡ ಭಾಷಣದ ಜೊತೆಗೆ ಆ ವಿಧಿಯನ್ನೂ ಒಮ್ಮೆ ಓದಿಕೊಳ್ಳಿ.