ಆ ಆರು ವಾರ ಎಲ್ಲಿ?

ಆತ್ಮೀಯರೇ,

ನಿಮ್ಮ ‘ಪ್ರೀತಿಯೇ ಔಷಧ’ ಲೇಖನ ತಲುಪಿತು. ಬೆನ್ನಿನ ಡಿಸ್ಕ್ ಒಡೆದು ಹಿಂಗಾಲುಗಳ ಶಕ್ತಿ ಕಳೆದುಕೊಂಡ ನಿಮ್ಮ ಡ್ಯಾಶ್‌ಹಂಡ್ ನಾಯಿ ಕೆಂಚ, ಮನೆಯಲ್ಲೇ ಆರು ವಾರ ಆರೈಕೆ ಪಡೆದು ಮತ್ತೆ ನಡೆದ ಕಥೆ. ಎರಡು ಸಲ ಓದಿದೆ. ಈಗಿರುವಂತೆ ನಾವು ಇದನ್ನು ಪ್ರಕಟಿಸಲಾರೆವು. ಹಾಗಂತ ‘ವಿಷಾದದೊಂದಿಗೆ ಹಿಂದಿರುಗಿಸಲಾಗಿದೆ’ ಎಂಬ ಚೀಟಿ ಲಗತ್ತಿಸಿ ಕಳಿಸಲೂ ಮನಸ್ಸಾಗಲಿಲ್ಲ. ಇಲ್ಲೊಂದು ಒಳ್ಳೆಯ ಬರಹ ಅಡಗಿ ಕೂತಿದೆ. ಅದನ್ನು ಹೊರಗೆ ಕರೆಯಲು ಈ ಉದ್ದ ಪತ್ರ.

ಲೇಖನ ಹನ್ನೊಂದು ಪುಟ. ಕೆಂಚ ಮರಿಯಾಗಿ ಮನೆಗೆ ಬಂದದ್ದು, ಚಪ್ಪಲಿ ಕಚ್ಚಿದ್ದು, ಹೆಸರಿಟ್ಟದ್ದು, ಇಷ್ಟಕ್ಕೆ ನಾಲ್ಕು ಪುಟ. ಮನುಷ್ಯರು ನಾಯಿಗಳಿಂದ ಕಲಿಯಬೇಕಾದ ಪಾಠಕ್ಕೆ ಕೊನೆಯ ಎರಡು ಪುಟ. ನಡುವೆ ಆಸ್ಪತ್ರೆ, ಅಳು, ಹರಕೆ. ಆ ಆರು ವಾರಕ್ಕೆ ಮಾತ್ರ ಮೂರೇ ವಾಕ್ಯ: “ದಿನಗಳು ಹೇಗೆ ಕಳೆದವೋ ತಿಳಿಯದು. ಹಗಲು ರಾತ್ರಿ ಎನ್ನದೆ ಆರೈಕೆ ಮಾಡಿದೆವು. ಒಂದು ಬೆಳಿಗ್ಗೆ ಕೆಂಚ ಎದ್ದು ನಿಂತ!” ಹೇಗೆ ಕಳೆದವೋ ತಿಳಿಯದು ಎಂಬ ಮಾತನ್ನು ನಾನು ನಂಬುವುದಿಲ್ಲ. ಇಂಥ ನಾಯಿಯನ್ನು ನೋಡಿಕೊಂಡವರಿಗೆ ಪ್ರತಿ ಗಂಟೆಯೂ ನೆನಪಿರುತ್ತದೆ.

ಆ ಮೂರು ವಾಕ್ಯಕ್ಕೆ ಬರುವ ಮೊದಲು ತೆಗೆಯಲೇಬೇಕಾದ ಒಂದು ಭಾಗದ ಮಾತು. ಐದನೇ ಪುಟದಲ್ಲಿ ಕೆಂಚ ನಡುಗುತ್ತಾ ಬೆನ್ನು ಗೂನು ಮಾಡಿಕೊಂಡು ಮೂಲೆ ಸೇರುತ್ತಾನೆ. ಡಾಕ್ಟರು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ರಾತ್ರಿ ನೋವು ತಾಳದ್ದನ್ನು ನೋಡಿ, ಅಪ್ಪನ ಬೆನ್ನುನೋವಿಗೆಂದು ತಂದಿದ್ದ ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಅರ್ಧ ಮುರಿದು ಬೆಲ್ಲದಲ್ಲಿಟ್ಟು ಕೊಡುತ್ತೀರಿ. “ಬೆಳಿಗ್ಗೆ ಹೊತ್ತಿಗೆ ನಮ್ಮ ಕೆಂಚ ಮತ್ತೆ ಲವಲವಿಕೆಯಿಂದಿದ್ದ” ಎಂದು ಬರೆದಿದ್ದೀರಿ. ಇದನ್ನು ಓದಿದ ಹತ್ತು ಜನರಲ್ಲಿ ಒಬ್ಬರು ಅದನ್ನೇ ಮಾಡುತ್ತಾರೆ. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಸ್ಟೆರಾಯ್ಡ್ ಮೈಯಲ್ಲಿರುವಾಗಲೇ ಕೊಟ್ಟರೆ ಕರುಳು ತೂತಾಗಿ ಸಾಯುವುದೂ ಉಂಟು. ಕೆಂಚ ಉಳಿದದ್ದು ಅದೃಷ್ಟ. ಇದನ್ನು ಮನೆಮದ್ದಿನ ಧಾಟಿಯಲ್ಲಿ ಹೇಳಲು ನಮ್ಮ ಪತ್ರಿಕೆಯಲ್ಲಿ ಜಾಗವಿಲ್ಲ.

ಆದರೆ ಅದನ್ನು ಮುಚ್ಚಿಡಿ ಎಂದೂ ಹೇಳುತ್ತಿಲ್ಲ. ಮುಂದಿನ ಪ್ಯಾರಾದಲ್ಲೇ ಏನಾಗುತ್ತದೆ ನೋಡಿ. ಲವಲವಿಕೆಯಿಂದಿದ್ದ ಕೆಂಚ ಮಧ್ಯಾಹ್ನ ದಿವಾನದಿಂದ ಕೆಳಗೆ ಹಾರುತ್ತಾನೆ. ಸಂಜೆಗೆ ಹಿಂಗಾಲು ಎರಡೂ ಎಳೆದಾಡುತ್ತವೆ. ಮಾತ್ರೆಗೂ ಆ ಹಾರಾಟಕ್ಕೂ ನಡುವೆ ನೀವು ಒಂದು ಸಾಲು ಜಾಗ ಬಿಟ್ಟಿದ್ದೀರಿ. ಓದುವವರು ಆ ಜಾಗವನ್ನು ತಾವೇ ತುಂಬಿಕೊಳ್ಳುತ್ತಾರೆ. ನೋವು ಅಡಗಿದ ನಾಯಿಗೆ ತನ್ನ ಬೆನ್ನು ಇನ್ನೂ ಒಡೆದೇ ಇದೆ ಎಂಬುದು ಗೊತ್ತಾಗುವುದಿಲ್ಲ. ಮಾತ್ರೆ ಕೊಡದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ನೀವು ಅದನ್ನು ಯೋಚಿಸಿಯೇ ಇರುತ್ತೀರಿ. ಯೋಚಿಸಿದ್ದನ್ನು ಬರೆಯಿರಿ. ಅಪ್ಪನಿಗೆ ಬೇಸರವಾಗುತ್ತದೆ ಎಂಬ ಅಳುಕಿದ್ದರೆ ಮೊದಲು ಅವರಿಗೇ ಓದಿ ಹೇಳಿ.

ಇದು ಸುಲಭ ಅಂತ ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಒಂದು ಡ್ಯಾಶ್‌ಹಂಡ್ ಇತ್ತು. ಬೆನ್ನುನೋವು ಬಂದಾಗ ಡಾಕ್ಟರು ಪಂಜರದಲ್ಲೇ ಇಡಿ ಎಂದಿದ್ದರು. ಹನ್ನೆರಡನೇ ದಿನ ಅದು ಬಾಲ ಅಲ್ಲಾಡಿಸುತ್ತಾ, ಬಾಗಿಲು ಕೆರೆಯುತ್ತಾ, ಯಾವ ಕಾಯಿಲೆಯೂ ಇಲ್ಲದಂತೆ ಕಂಡಿತು. ಚಿಲಕ ತೆಗೆದವಳು ನಾನು. ಕಾಂಪೌಂಡಿನ ಮೇಲೆ ಬೆಕ್ಕೊಂದು ಹೋಯಿತು, ಇದು ಅದರ ಹಿಂದೆ ಓಡಿತು. ಆ ರಾತ್ರಿ ಹೋದ ಕಾಲುಗಳು ಮತ್ತೆ ಬರಲಿಲ್ಲ. ಅದಾಗಿ ಎಷ್ಟೋ ವರ್ಷ ಅದರ ಬಗ್ಗೆ ಒಂದಕ್ಷರ ಬರೆಯಲು ನನಗಾಗಲಿಲ್ಲ. ಹಾಗಾಗಿ ನಿಮ್ಮ ಐದನೇ ಪುಟದ ಆ ಖಾಲಿ ಸಾಲು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ರೋಗದ ವಿವರಣೆ. ಆರನೇ ಪುಟದ ಆ ಪ್ಯಾರಾ ನಿಮ್ಮದಲ್ಲ, ಎಲ್ಲಿಂದಲೋ ಎತ್ತಿ ಅನುವಾದ ಮಾಡಿದ್ದು. “ನ್ಯೂಕ್ಲಿಯಸ್ ಪಲ್ಪೋಸಸ್‌ನ ಕ್ಷೀಣಗೊಳ್ಳುವಿಕೆ” ಎಂದರೆ ನಿಮ್ಮ ಅಮ್ಮನಿಗೆ ಏನು ತಿಳಿಯುತ್ತದೆ? ಎಳನೀರು ನೆನಪು ಮಾಡಿಕೊಳ್ಳಿ. ಹೊರಗೆ ನಾರು, ಒಳಗೆ ಮೆತ್ತನೆಯ ಗಂಜಿ. ಬೆನ್ನಿನ ಒಂದೊಂದು ಮಣಿಯ ನಡುವೆಯೂ ಅಂಥದ್ದೊಂದು ಮೆತ್ತೆ, ಅದೇ ಡಿಸ್ಕ್. ಗಿಡ್ಡ ಕಾಲಿನ ಈ ತಳಿಗಳಲ್ಲಿ ಆ ಗಂಜಿ ಒಂದು ವರ್ಷ ತುಂಬುವ ಹೊತ್ತಿಗೇ ಒಣಗಲು ಶುರುವಾಗಿ, ಕ್ರಮೇಣ ಸುಣ್ಣಗಟ್ಟಿ ಕೊಬ್ಬರಿಯಂತಾಗುತ್ತದೆ. ಒಂದು ದಿನ ನಾರು ಹರಿದು ಆ ಗಟ್ಟಿ ಚೂರು ಮೇಲಕ್ಕೆ ಚಿಮ್ಮುತ್ತದೆ. ಮೇಲಿರುವುದು ಬೆನ್ನುಹುರಿ. ಸ್ವೀಡನ್ನಿನ ಪಶುವೈದ್ಯ ಹಾನ್ಸೆನ್ 1950ರ ದಶಕದ ಆರಂಭದಲ್ಲೇ ಹೀಗೆ ಚಿಮ್ಮುವ ಬಗೆಯನ್ನೂ, ದೊಡ್ಡ ತಳಿಯ ಮುದಿ ನಾಯಿಗಳಲ್ಲಿ ನಿಧಾನವಾಗಿ ಉಬ್ಬುವ ಬಗೆಯನ್ನೂ ಬೇರೆ ಬೇರೆ ಎಂದು ಗುರುತಿಸಿದ್ದರು. 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಅದರ ಜೀನ್ ಹುಡುಕಿದರು: 12ನೇ ಕ್ರೋಮೋಸೋಮಿನಲ್ಲಿ ಹೆಚ್ಚುವರಿಯಾಗಿ ಬಂದು ಕೂತ ಒಂದು ಜೀನಿನ ನಕಲು. ಡಿಸ್ಕ್ ಬೇಗ ಮುದಿಯಾಗುವುದಕ್ಕೂ ಕಾಲು ಗಿಡ್ಡವಾಗುವುದಕ್ಕೂ ಅದು ಕಾರಣ. “ಕೆಂಚನ ಮುದ್ದು ಮುದ್ದು ಗಿಡ್ಡ ಕಾಲು” ಎಂದು ಒಂದನೇ ಪುಟದಲ್ಲಿ ಬರೆದಿದ್ದೀರಲ್ಲ, ಆ ಮಾತು ಇಲ್ಲಿಗೆ ಬಂದು ಮುಟ್ಟಬೇಕು. ದಿವಾನದಿಂದ ಹಾರಿದ್ದು ನೆಪ. ಮೆತ್ತೆ ಆಗಲೇ ಒಣಗಿತ್ತು.

ಏಳನೇ ಪುಟದಲ್ಲಿ ಇನ್ನೊಂದು ತಪ್ಪು, ಇದು ಸಣ್ಣದಲ್ಲ. “ಕಾಲ್ಬೆರಳು ಚಿವುಟಿದೆ, ಕಾಲು ಹಿಂದಕ್ಕೆಳೆದುಕೊಂಡ. ನೋವು ತಿಳಿಯುತ್ತಿದೆ ಎಂದು ಕುಣಿದಾಡಿದೆವು.” ಕಾಲು ಎಳೆದುಕೊಳ್ಳುವುದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯ ಕೆಳಭಾಗವೇ ಅಷ್ಟನ್ನು ಮಾಡಿಬಿಡುತ್ತದೆ. ನಾಯಿ ತಿರುಗಿ ನೋಡಿತೇ, ಕುಂಯ್ ಎಂದಿತೇ, ಕೈಗೆ ಬಾಯಿ ಹಾಕಲು ಬಂತೇ? ನೋವಿನ ಸುದ್ದಿ ಮೇಲಕ್ಕೆ ಮುಟ್ಟಿತು ಎನ್ನುವುದಕ್ಕೆ ಅದೇ ಸಾಕ್ಷಿ. ಡಾಕ್ಟರು ಇಕ್ಕಳದಲ್ಲಿ ಬೆರಳಿನ ಮೂಳೆ ಒತ್ತಿ, ಕಾಲು ನೋಡದೆ ಮುಖ ನೋಡುವುದು ಇದಕ್ಕೇ. ಕಾಲು ಬಿದ್ದರೂ ನೋವು ತಿಳಿಯುತ್ತಿದ್ದರೆ ಆಪರೇಷನ್ ಆದ ಹತ್ತರಲ್ಲಿ ಒಂಬತ್ತರಷ್ಟು ನಾಯಿಗಳು ನಡೆಯುತ್ತವೆ. ನೋವೇ ತಿಳಿಯದ ಹಂತಕ್ಕೆ ಹೋದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆಗ ಒಂದೊಂದು ಗಂಟೆಗೂ ಬೆಲೆಯಿದೆ. ಅಂಥವುಗಳಲ್ಲಿ ಕೆಲವಕ್ಕೆ ಬೆನ್ನುಹುರಿ ಕರಗುತ್ತಾ ಮೇಲೇರಿ, ಕೆಲವೇ ದಿನಗಳಲ್ಲಿ ಉಸಿರೇ ನಿಲ್ಲುತ್ತದೆ. ನಿಮ್ಮ ಮಾತನ್ನು ನಂಬಿ ಯಾರಾದರೂ ಮನೆಯಲ್ಲೇ ಚಿವುಟಿ ನೋಡಿ ಸಮಾಧಾನಪಟ್ಟುಕೊಂಡು ಕೂತರೆ ಆ ಹೊತ್ತು ದಾಟಿಹೋಗುತ್ತದೆ.

ಆಪರೇಷನ್ ಏಕೆ ಮಾಡಿಸಲಿಲ್ಲ ಎಂಬುದನ್ನೂ ನೀವು ಹೇಳಿಲ್ಲ. “ಕೆಂಚನಿಗೆ ಕತ್ತರಿ ತಾಗಿಸಲು ಮನಸ್ಸು ಬರಲಿಲ್ಲ” ಎಂದಷ್ಟೇ ಇದೆ. ಹಣವಿರಲಿಲ್ಲವೇ? ಎಂಆರ್‌ಐಗೆ ಬೆಂಗಳೂರಿಗೆ ಹೋಗಬೇಕಿತ್ತೇ? ಹಾಗಿದ್ದರೆ ಹಾಗೆಂದೇ ಬರೆಯಿರಿ. ಹಣವಿಲ್ಲದೆ ಮನೆಯಲ್ಲಿ ಆರೈಕೆ ಮಾಡಿದವರು ಈ ರಾಜ್ಯದಲ್ಲಿ ಎಷ್ಟೋ ಜನ. ಅವರಿಗೆ ಬೇಕಾದದ್ದು ನಿಮ್ಮ ಲೇಖನ. ‘ಪ್ರೀತಿ ಸಾಕು, ಆಪರೇಷನ್ ಬೇಡ’ ಎಂಬ ಅರ್ಥ ಬರುವ ನಿಮ್ಮ ತಲೆಬರಹ ಅವರಿಗೆ ಅನ್ಯಾಯ ಮಾಡುತ್ತದೆ. ಪ್ರೀತಿ ಮಾಡಿಯೂ ನಾಯಿಯನ್ನು ಉಳಿಸಿಕೊಳ್ಳಲಾಗದವರೂ ಇದನ್ನು ಓದುತ್ತಾರೆ.

ಇನ್ನು ಆ ಮೂರು ವಾಕ್ಯ. ಎಂಟನೇ ಪುಟದ ಕೊನೆಯಲ್ಲಿ ಸುಮ್ಮನೆ ಬಿದ್ದಿರುವ ಒಂದು ಮಾತಿದೆ: “ಅಮ್ಮ ರಾತ್ರಿ ಎರಡಕ್ಕೆ ಅಲಾರಂ ಇಟ್ಟುಕೊಳ್ಳುತ್ತಿದ್ದರು.” ಇದೇ ಅಮ್ಮ ಎರಡನೇ ಪುಟದಲ್ಲಿ ನಾಯಿ ಅಡುಗೆಮನೆಯ ಹೊಸ್ತಿಲು ದಾಟಿತೆಂದು ಇಡೀ ಮನೆ ತೊಳೆಸಿದವರು. ಹನ್ನೊಂದು ಪುಟದಲ್ಲಿ ನಾನು ಕೂತಲ್ಲೇ ನಿಂತುಬಿಟ್ಟದ್ದು ಈ ಒಂದು ಸಾಲಿನಲ್ಲಿ. ಎರಡು ಗಂಟೆಗೆ ಅವರು ಏಕೆ ಏಳುತ್ತಿದ್ದರು ಎಂದು ನನಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಬೆನ್ನುಹುರಿಗೆ ಆ ಜಾಗದಲ್ಲಿ ಪೆಟ್ಟಾದಾಗ ಮೂತ್ರಕೋಶದ ಬಾಯಿ ಬಿಗಿಯಾಗಿಯೇ ಉಳಿಯುತ್ತದೆ. ಒಳಗೆ ತುಂಬಿ ತುಂಬಿ ಕೊನೆಗೆ ತುಳುಕಿ ಹಾಸಿಗೆ ಒದ್ದೆಯಾಗುತ್ತದೆ. ಮನೆಯವರು ಸುಸು ಮಾಡಿತು ಎಂದು ನೆಮ್ಮದಿ ಪಡುತ್ತಾರೆ, ಒಳಗೆ ಮುಕ್ಕಾಲು ಹಾಗೇ ಇರುತ್ತದೆ. ಸೋಂಕು ಹತ್ತುತ್ತದೆ; ಹಿಗ್ಗಿದ ಮೂತ್ರಕೋಶ ಆಮೇಲೆ ಕುಗ್ಗುವ ಬಲವನ್ನೇ ಕಳೆದುಕೊಳ್ಳಬಹುದು. ಅದಕ್ಕೇ ಆರೆಂಟು ಗಂಟೆಗೊಮ್ಮೆ, ಡಾಕ್ಟರು ಕೈಹಿಡಿದು ತೋರಿಸಿಕೊಟ್ಟಂತೆ, ಹೊಟ್ಟೆಯ ಎರಡೂ ಕಡೆಯಿಂದ ಅಂಗೈ ಒತ್ತಿ ಖಾಲಿ ಮಾಡಿಸಬೇಕು. ಮಡಿ ಎನ್ನುತ್ತಿದ್ದ ಅಮ್ಮ ನಡುರಾತ್ರಿ ನೆಲದ ಮೇಲೆ ಕೂತು ಅದನ್ನು ಮಾಡಿದ್ದಾರೆ. ಮೊದಲ ದಿನ ಅವರಿಗೆ ಕೈಗೆ ಸಿಕ್ಕಿತೇ? ಕೆಂಚ ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡನೇ? ಖಾಲಿಯಾಯಿತು ಎಂದು ಹೇಗೆ ತಿಳಿಯುತ್ತಿತ್ತು? ಮುಗಿದ ಮೇಲೆ ಸ್ನಾನ ಮಾಡುತ್ತಿದ್ದರೇ, ಕೈಕಾಲು ತೊಳೆದು ಮಲಗುತ್ತಿದ್ದರೇ? ಇವು ನಿಮಗೂ ಗೊತ್ತಿಲ್ಲ ಎಂದು ನನ್ನ ಅನುಮಾನ, ಆ ಹೊತ್ತಿನಲ್ಲಿ ನೀವು ಮಲಗಿದ್ದಿರಿ. ಅಮ್ಮನನ್ನು ಕೂರಿಸಿಕೊಂಡು ಕೇಳಿ. ಅವರು ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ.

ಉಳಿದದ್ದೂ ಬೇಕು. ಪಂಜರ ಎಲ್ಲಿಟ್ಟಿರಿ, ಎಷ್ಟು ದೊಡ್ಡದು? ಎದ್ದು ತಿರುಗಿ ಮಲಗುವಷ್ಟೇ ಇರಬೇಕಲ್ಲ, ಅಷ್ಟರೊಳಗೆ ಅವನನ್ನು ಇಡಲು ಯಾರ ಕರುಳು ಚುರ್ ಎಂದಿತು? ಅವನು ಬೊಗಳಿ ಅತ್ತಾಗ ಪಕ್ಕದ ಮನೆಯವರು ಏನೆಂದರು? ಹೊರಗೆ ಒಯ್ಯುವಾಗ ಸೊಂಟದಡಿ ಟವೆಲ್ಲು ಹಾಕಿ ಎತ್ತಿದ್ದು ನಿಮ್ಮ ತಮ್ಮನೆಂದು ಒಂದು ಕಡೆ ಬರುತ್ತದೆ. ಅವನ ಬೆನ್ನು ನೋಯಲಿಲ್ಲವೇ? ಮಗ್ಗುಲು ಬದಲಿಸದಿದ್ದರೆ ಸೊಂಟದ ಮೂಳೆಯ ಮೇಲೆ ಚರ್ಮ ಕಿತ್ತು, ಒದ್ದೆಯಾದ ಜಾಗಕ್ಕೆ ನೊಣ ಕೂತು ಹುಳ ಬೀಳುತ್ತದೆ. ನಿಮ್ಮದು ಮಳೆಗಾಲ ಬೇರೆ, ಬಟ್ಟೆ ಒಣಗಿಸಿದ್ದೆಲ್ಲಿ? ನುಣುಪು ಟೈಲ್ಸಿನ ಮೇಲೆ ಏನು ಹಾಸಿದಿರಿ?

“ಒಂದು ಬೆಳಿಗ್ಗೆ ಎದ್ದು ನಿಂತ” ಎನ್ನುವುದೂ ಸಿನಿಮಾದ ಮಾತು. ಬೆನ್ನುಹುರಿ ಹಾಗೆ ಚೇತರಿಸಿಕೊಳ್ಳುವುದಿಲ್ಲ. ಮೊದಲು ಏನು ಬಂತು? ನೀವು ಬಾಗಿಲಲ್ಲಿ ಕಂಡಾಗ ಬಾಲದ ತುದಿ ಅಲ್ಲಾಡಿತೇ? ಆಮೇಲೆ ಯಾವ ಕಾಲು? ನಿಂತು ಮೂರು ಎಣಿಸುವಷ್ಟರಲ್ಲಿ ಪಕ್ಕಕ್ಕೆ ವಾಲಿಬಿದ್ದನೇ? ಕುಡಿದವರಂತೆ ಅಡ್ಡಾದಿಡ್ಡಿ ಹೆಜ್ಜೆ, ಪಾದ ಮಗುಚಿ ಉಗುರಿನ ಮೇಲ್ಭಾಗ ನೆಲಕ್ಕೆ ಉಜ್ಜಿದ ಸದ್ದು, ಇದೆಲ್ಲ ಆ ಮನೆಯಲ್ಲಿ ನಡೆದಿದೆ. ಹರಿದ ನಾರು ಕೂಡಿಕೊಳ್ಳಲು ವಾರಗಳು ಬೇಕು, ನೋವು ಮಾತ್ರ ಅದಕ್ಕೆ ಮೊದಲೇ ಹೋಗುತ್ತದೆ. ಕೆಂಚ ಹುಷಾರಾದಂತೆ ಕಂಡ ಮೇಲೂ ಚಿಲಕ ತೆಗೆಯದೆ ಉಳಿದ ದಿನಗಳನ್ನು ಎಣಿಸುತ್ತಾ ಕೂತಿರಲ್ಲ, ನನ್ನಿಂದ ಆಗದೇ ಹೋದದ್ದು ಅದು. ಅದಕ್ಕೆ ಎರಡು ಪುಟ ಕೊಡಿ. ಜಾಗ ಬೇಕಾದರೆ ಚಪ್ಪಲಿ ಕಚ್ಚಿದ್ದನ್ನು ತೆಗೆಯಿರಿ, ಕೊನೆಯ ಎರಡು ಪುಟವನ್ನಂತೂ ಪೂರ್ತಿ ತೆಗೆಯಿರಿ.

ಅವಸರವಿಲ್ಲ, ಎರಡು ತಿಂಗಳು ತೆಗೆದುಕೊಳ್ಳಿ. ಹೊಸ ಪ್ರತಿಯನ್ನು ನೇರ ನನ್ನ ಹೆಸರಿಗೇ ಕಳಿಸಿ.

ಒಂದು ಮಾತು ಮಾತ್ರ ತುರ್ತು. ಲೇಖನದ ಜೊತೆ ಕಳಿಸಿದ ಫೋಟೋದಲ್ಲಿ ಕೆಂಚ ಅದೇ ದಿವಾನದ ಮೇಲೆ ಕೂತಿದ್ದಾನೆ, ಕುತ್ತಿಗೆಗೆ ಪಟ್ಟಿ ಇದೆ, ಸೊಂಟವೂ ದಪ್ಪವಾಗಿದೆ. ಒಂದು ಡಿಸ್ಕ್ ಒಡೆದ ನಾಯಿಗೆ ಇನ್ನೊಂದು ಒಡೆಯುವುದು ಅಪರೂಪವಲ್ಲ. ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗದಡಿ ಕೊಟ್ಟು ಬೆನ್ನು ನೇರವಾಗಿರುವಂತೆ ಅವನನ್ನು ಕೆಳಗಿಳಿಸಿ, ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ತನ್ನಿ, ದಿವಾನಕ್ಕೆ ಅಡ್ಡ ಏನಾದರೂ ಇಡಿ. ಬರವಣಿಗೆಗೆ ಆಮೇಲೆ ಕೂತರಾಯಿತು.

ವಿಶ್ವಾಸದಿಂದ,
ಸಂಪಾದಕಿ